ಕೇಳಿದಷ್ಟೇ ಗಡಸು

"ಗುರುಗಳೇ, ಒಬ್ಬ ಆಡಿದ ಮಾತೆಲ್ಲ ನಿಜವೇ ಆಗಿದ್ದರೆ ಅವನ ಮೇಲೆ ದೋಷ ಹೊರಿಸಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಾಳಪ್ಪ ಎಂಬ ಕಮ್ಮಾರನಿದ್ದ. ಅವನ ಅಪ್ಪ ಕುಡಗೋಲು, ಗುದ್ದಲಿಗಳಿಗೆ ಹದ ಕೊಡುತ್ತಿದ್ದವನು. ಮಗ ಕರೆಂಟಿನ ಕುಲುಮೆ ಇಟ್ಟುಕೊಂಡು ಕಾರ್ಖಾನೆಗಳ ಉಕ್ಕಿಗೆ ಹದ ಕೊಡುತ್ತಿದ್ದ. ಅಪ್ಪ ಕಾದ ಕಬ್ಬಿಣದ ಬಣ್ಣ ನೋಡಿ ತಿಳಿಯುತ್ತಿದ್ದುದನ್ನು ಮಗ ಮೀಟರಿನ ಮುಳ್ಳು ನೋಡಿ ತಿಳಿಯುತ್ತಿದ್ದ. ವ್ಯತ್ಯಾಸ ಅಷ್ಟೇ. ಕೆಲಸದಲ್ಲಿ ಅವನು ಅಪ್ಪನಿಗಿಂತ ಒಂದು ಕೈ ಮೇಲು ಎಂದು ಜನ ಹೇಳುತ್ತಿದ್ದರು.

ತುಕ್ಕು ಹಿಡಿಯದ ಉಕ್ಕಿನಲ್ಲಿ ಒಂದು ಜಾತಿ ಇದೆ. ಸಾವಿರ ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಬಹಳ ಗಡಸಾಗುತ್ತದೆ. ಆದರೆ ಅದು ಗಾಜಿನ ಗಡಸು. ಹಾಗೇ ಬಿಟ್ಟರೆ ಇಟ್ಟಲ್ಲೇ ಬಿರುಕು ಬಿಡಬಹುದು. ಆದ್ದರಿಂದ ತಡಮಾಡದೆ ಅದನ್ನು ಮತ್ತೆ ಕುಲುಮೆಯಲ್ಲಿಟ್ಟು ಕಡಿಮೆ ಬಿಸಿಯಲ್ಲಿ ಕಾಯಿಸಬೇಕು. ಹದ ಕೊಡುವುದು ಎಂದರೆ ಇದು. ಇನ್ನೂರು ಮುನ್ನೂರು ಡಿಗ್ರಿಯಲ್ಲಿ ಹದ ಕೊಟ್ಟರೆ ಗಡಸು ಬಹುಪಾಲು ಉಳಿಯುತ್ತದೆ. ಆರುನೂರೈವತ್ತಕ್ಕೆ ಏರಿಸಿದರೆ ಗಡಸು ಇಳಿಯುತ್ತದೆ, ಏಟು ತಾಳುವ ಗುಣ ಬರುತ್ತದೆ. ಇವೆರಡರ ನಡುವಿನ ಬಿಸಿಯಲ್ಲಿ ಮಾತ್ರ ಆ ಉಕ್ಕು ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಗಡಸು ಅಳೆಯುವ ಯಂತ್ರದಲ್ಲಿಟ್ಟರೆ ಯಂತ್ರವೂ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತದೆ. ಒಳಗೆ ಮಾತ್ರ ಪೆಡಸಾಗಿರುತ್ತದೆ. ಒಂದು ಜಗ್ಗು ಬಿದ್ದರೆ ಬಾಗದೆ ಮುರಿಯುತ್ತದೆ. ತುಕ್ಕೂ ಬೇಗ ಹಿಡಿಯುತ್ತದೆ.

ಕಾಳಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅದೇ ಊರಿನಲ್ಲಿ ಕೈರಾಟೆ ತಯಾರಿಸುವ ಸಾಹುಕಾರನೊಬ್ಬನಿದ್ದ. ಆಳವಾದ ಬಾವಿಗಳ ಹೂಳು ತೆಗೆಯುವವರನ್ನು ಇಳಿಸಲು, ಏರಿಸಲು ಆ ರಾಟೆ. ಅದರ ಹಲ್ಲುಚಕ್ರಕ್ಕೆ ಕಬ್ಬಿಣದ ನಾಲಿಗೆಯೊಂದು ಅಡ್ಡ ಬೀಳುತ್ತದೆ. ನಾಲಿಗೆ ಬಿದ್ದ ಮೇಲೆ ಹಿಡಿಕೆಯಿಂದ ಕೈ ತೆಗೆದರೂ ರಾಟೆ ಹಿಂದಕ್ಕೆ ತಿರುಗುವುದಿಲ್ಲ. ಆ ನಾಲಿಗೆಯ ಭಾರವೆಲ್ಲ ಬೆರಳು ಗಾತ್ರದ ಒಂದು ಪಿನ್ನಿನ ಮೇಲೆ. ಬಾವಿಯ ತೇವಕ್ಕೆ ಹಳೆಯ ಪಿನ್ನುಗಳು ತುಕ್ಕು ಹಿಡಿಯುತ್ತಿದ್ದವು. ಅದಕ್ಕೆ ಸಾಹುಕಾರ ತುಕ್ಕು ಹಿಡಿಯದ ಉಕ್ಕಿನಲ್ಲಿ ಪಿನ್ನು ಮಾಡಿಸಿ ಹದ ಕೊಡಲು ಕಾಳಪ್ಪನಲ್ಲಿಗೆ ತಂದ. ನಕ್ಷೆಯಲ್ಲಿ ಗಡಸು, ಯಂತ್ರದ ಅಳತೆಯಲ್ಲಿ, ನಲವತ್ತೈದು ಎಂದು ಬರೆದಿತ್ತು.

ಕಾಳಪ್ಪ ನಕ್ಷೆ ನೋಡಿ ಕೆಳಗಿಟ್ಟ.

"ಸಾಹುಕಾರ್ರೆ, ಈ ಉಕ್ಕಿನಾಗ ಐವತ್ತು ಕೇಳ್ರಿ, ಕೊಡತೀನಿ. ಮೂವತ್ತು ಕೇಳ್ರಿ, ಕೊಡತೀನಿ. ನಲವತ್ತೈದು ಮಾತ್ರ ಬ್ಯಾಡ."

"ಯಾಕ, ಬರಂಗಿಲ್ಲೇನು?"

"ಬರತೈತಿ. ಐನೂರ ಮೂವತ್ತು ಡಿಗ್ರಿಗೆ ಹದ ಕೊಟ್ರ ಸರಿಯಾಗಿ ಬರತೈತಿ. ಆದ್ರ ಪಿನ್ನು ಪೆಡಸಾಗತೈತಿ. ದಪ್ಪ ಮಾಡ್ರಿ, ಮೂವತ್ತರಾಗ ತಗೋರಿ. ಬಾಗಿದ್ರೂ ಮುರಿಯಂಗಿಲ್ಲ."

ಸಾಹುಕಾರ ಒಪ್ಪಲಿಲ್ಲ. ಮೂವತ್ತರ ಪಿನ್ನು ಬೇಗ ಸವೆಯುತ್ತದೆ, ಐವತ್ತರದ್ದು ಚಕ್ಕೆ ಏಳುತ್ತದೆ ಎಂದು ತನ್ನ ಎಂಜಿನಿಯರು ಲೆಕ್ಕ ಹಾಕಿ ನಡುವಿನದನ್ನು ಆರಿಸಿದ್ದಾನೆ ಎಂದ. ನಡುವಿನದು ಎಂದರೆ ಎಲ್ಲರಿಗೂ ವಿವೇಕ ಎಂದೇ ಕಾಣುತ್ತದೆ.

ಕಾಳಪ್ಪ ಎರಡು ಪಿನ್ನುಗಳಿಗೆ ಎರಡು ಬಗೆಯ ಹದ ಕೊಟ್ಟು ಮರುದಿನ ಸಾಹುಕಾರನನ್ನು ಕರೆಸಿದ. ಅವನ ಎದುರಿಗೇ ಮೂವತ್ತರ ಪಿನ್ನನ್ನು ಬಡಿಗಲ್ಲಿಗೆ ಬಿಗಿದು ಸುತ್ತಿಗೆಯಿಂದ ಹೊಡೆದ. ಅದು ಬಾಗಿತು. ನಲವತ್ತೈದರ ಪಿನ್ನಿಗೆ ಹೊಡೆದ. ಅದು ಎರಡು ತುಂಡಾಗಿ ಒಂದು ತುಂಡು ಗೋಡೆಗೆ ಬಡಿಯಿತು.

ಸಾಹುಕಾರ ತುಂಡನ್ನು ಹೆಕ್ಕಿಕೊಂಡು ಬಂದ. "ಬಾವ್ಯಾಗ ಪಿನ್ನಿಗೆ ಸುತ್ತಿಗೀಲೆ ಹೊಡಿಯೋರು ಯಾರು ಕಾಳಪ್ಪ? ನಕ್ಷೆಗೆ ಇಲಾಖೆ ಒಪ್ಪಿಗೆ ಆಗೈತಿ. ಇನ್ನೊಮ್ಮೆ ಬದಲು ಮಾಡಾಕ ಒಂದು ವರ್ಷ ಬೇಕು. ನಿನಗ ಆಗಂಗಿಲ್ಲ ಅಂದ್ರ ರಸ್ತೆ ಆಚೆ ಕುಲುಮೆಯವ್ರು ಮಾಡತಾರ" ಎಂದ.

ರಸ್ತೆಯ ಆಚೆಯವರು ಮಾಡುತ್ತಾರೆ ಎಂಬುದು ನಿಜವಾಗಿತ್ತು. ಅವರು ನಕ್ಷೆಯ ಸಂಖ್ಯೆಯ ಹೊರತು ಬೇರೇನನ್ನೂ ನೋಡುವವರಲ್ಲ. ತಾನು ಬೇಡವೆಂದರೂ ಆ ಪಿನ್ನು ಆಗಿಯೇ ಆಗುತ್ತದೆ ಎಂದು ಕಾಳಪ್ಪ ಯೋಚಿಸಿದ. ಹೇಳುವಷ್ಟು ಹೇಳಿದೆನಲ್ಲ ಎಂದೂ ಯೋಚಿಸಿದ. ಕೊನೆಗೆ ಒಂದು ಮಾತು ಕೇಳಿದ. ನಲವತ್ತೈದೇ ಬೇಕೆಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಎಂದ. ಸಾಹುಕಾರ ನಿಂತಲ್ಲೇ ಬರೆದುಕೊಟ್ಟ. ಕಾಳಪ್ಪ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟ. ಅದು ಪೆಟ್ಟಿಗೆ ಸೇರಿದ ಮೇಲೆ ಅವನ ಮನಸ್ಸು ಹಗುರವಾಯಿತು.

ಐನೂರು ಪಿನ್ನುಗಳಿಗೆ ಅವನು ಹದ ಕೊಟ್ಟ. ಹತ್ತಕ್ಕೊಂದರಂತೆ ತೆಗೆದು ಯಂತ್ರದಲ್ಲಿಟ್ಟು ನೋಡಿದ. ನಲವತ್ತೈದು, ನಲವತ್ತೈದು, ನಲವತ್ತನಾಲ್ಕೂವರೆ, ನಲವತ್ತೈದು. ಇಷ್ಟು ಒಂದೇ ಸಮನಾಗಿ ಹದ ಕೊಡುವ ಕೈ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಗಡಸು ಇಷ್ಟಿದೆ ಎಂದು ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕಿದ. ಏಟು ತಾಳುತ್ತದೋ ಇಲ್ಲವೋ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ರಾಟೆಗಳು ಊರೂರಿಗೆ ಹೋದವು.

ಅವುಗಳಲ್ಲಿ ಒಂದು ಯಂಕಪ್ಪ, ಹುಲಿಗೆಪ್ಪ ಎಂಬ ಅಣ್ಣತಮ್ಮಂದಿರ ಕೈಗೆ ಬಂತು. ಅವರು ಭೋವಿಗಳು. ಬಾವಿ ತೋಡುವುದು, ಹೂಳು ತೆಗೆಯುವುದು ಅವರ ಮನೆತನದ ಕೆಲಸ. ತಮ್ಮ ಹಗುರ ಮೈಯವನು, ಅವನು ಬಾವಿಗೆ ಇಳಿಯುತ್ತಿದ್ದ. ಅಣ್ಣ ಮೇಲೆ ರಾಟೆ ತಿರುಗಿಸುತ್ತಿದ್ದ. ತಮ್ಮ ಬಾವಿಯ ಬಾಯಿಗೆ ಬಂದ ಕೂಡಲೇ ಅಣ್ಣ ನಾಲಿಗೆ ಹಲ್ಲಿಗೆ ಬಿದ್ದ ಸದ್ದು ಕೇಳಿ, ಹಿಡಿಕೆ ಬಿಟ್ಟು, ಬಗ್ಗಿ ಕೈ ಚಾಚುತ್ತಿದ್ದ. ತಮ್ಮ ಆ ಕೈ ಹಿಡಿದು ದಡ ಹತ್ತುತ್ತಿದ್ದ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು. ಹಳೆಯ ರಾಟೆಯಲ್ಲೂ ಹೀಗೇ, ಹೊಸದರಲ್ಲೂ ಹೀಗೇ.

ಹೊಸ ರಾಟೆ ಬಂದ ನಾಲ್ಕನೆಯ ತಿಂಗಳು ಅದು. ಚಳಿಗಾಲದ ಬೆಳಿಗ್ಗೆ. ಎಂಬತ್ತು ಅಡಿಯ ಬಾವಿ. ಹುಲಿಗೆಪ್ಪ ಮೇಲೆ ಬಂದ. ನಾಲಿಗೆ ಬಿದ್ದ ಸದ್ದು ಕೇಳಿತು. ಯಂಕಪ್ಪ ಹಿಡಿಕೆ ಬಿಟ್ಟು ಕೈ ಚಾಚಿದ. ಹುಲಿಗೆಪ್ಪ ಒಂದು ಕೈಯನ್ನು ಬಾವಿಯ ಅಂಚಿನ ಕಲ್ಲಿಗೆ ಕೊಟ್ಟು ಮೇಲೇಳಲು ನೋಡಿದ. ಕಲ್ಲಿನ ಮೇಲೆ ಕೆಸರಿತ್ತು. ಕೈ ಜಾರಿತು. ಅವನ ಭಾರವೆಲ್ಲ ಒಮ್ಮೆಗೇ ಹಗ್ಗದ ಮೇಲೆ ಜಗ್ಗಿ ಬಿತ್ತು. ಪಿನ್ನು ಮುರಿಯಿತು.

ಆಗ ಅಣ್ಣನ ಬೆರಳುಗಳು ತಮ್ಮನ ಬೆರಳುಗಳನ್ನು ಮುಟ್ಟಿದ್ದವು.

ಯಂಕಪ್ಪ ತಿರುಗಿ ಹಿಡಿಕೆಯನ್ನು ಹಿಡಿಯಹೋದ. ಗಿರಗಿರನೆ ತಿರುಗುತ್ತಿದ್ದ ಹಿಡಿಕೆ ಅವನ ಮುಂಗೈಯನ್ನು ಎರಡು ಕಡೆ ಮುರಿಯಿತು. ಹಗ್ಗ ಪೂರ್ತಿ ಬಿಚ್ಚಿಕೊಂಡ ಮೇಲೆ ರಾಟೆ ತಾನಾಗಿ ನಿಂತಿತು. ಊರವರು ಬಂದು ಹುಲಿಗೆಪ್ಪನನ್ನು ಮೇಲೆತ್ತುವಷ್ಟರಲ್ಲಿ ಅವನಲ್ಲಿ ಜೀವವಿರಲಿಲ್ಲ. ಅವನ ಹೆಂಡತಿ ಹನುಮವ್ವ ಅಷ್ಟು ಹೊತ್ತೂ ಬಾವಿಯ ಅಂಚಿನಲ್ಲಿ ಕುಳಿತಿದ್ದಳು.

ವಿಚಾರಣೆ ನಡೆಯಿತು. ಒಬ್ಬ ಅಧಿಕಾರಿ ಬಂದ. ಕೆಟ್ಟವನೇನಲ್ಲ. ಮುರಿದ ಪಿನ್ನನ್ನು ಗಡಸು ಅಳೆಯಲು ಬೇರೆ ಊರಿಗೆ ಕಳಿಸಿದ. ಸಾಹುಕಾರನನ್ನು, ಕಾಳಪ್ಪನನ್ನು, ಯಂಕಪ್ಪನನ್ನು ಒಂದೇ ದಿನ ಕರೆಸಿದ. ಯಂಕಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಎದುರಿನ ಬೆಂಚಿನ ಮೇಲೆ ಕುಳಿತಿದ್ದ.

ಮೇಜಿನ ಮೇಲೆ ಪಿನ್ನಿನ ಎರಡು ತುಂಡುಗಳಿದ್ದವು. ಕಾಳಪ್ಪ ಒಳಗೆ ಬಂದ ಕೂಡಲೇ ಅವುಗಳನ್ನು ಕಂಡ. ಎಳ್ಳಷ್ಟೂ ಬಾಗಿರಲಿಲ್ಲ. ಮುರಿದ ಮುಖ ಕಲ್ಲುಸಕ್ಕರೆ ಒಡೆದ ಹಾಗೆ ಹರಳುಹರಳಾಗಿತ್ತು. ನಾಲ್ಕೇ ತಿಂಗಳಿಗೆ ಮೇಲೆಲ್ಲ ತುಕ್ಕಿನ ಚುಕ್ಕೆಗಳು ಎದ್ದಿದ್ದವು. ಏನಾಗಿದೆ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಈ ಪಿನ್ನಿಗೆ ಹದ ಕೊಟ್ಟವರು ನೀವೇ?" ಎಂದು ಅಧಿಕಾರಿ ಕೇಳಿದ.

"ನಾನೇರಿ."

"ಎಷ್ಟು ಗಡಸು ಕೇಳಿದ್ದರು?"

"ನಲವತ್ತೈದು." ಕಾಳಪ್ಪ ಸಾಹುಕಾರನ ಕಾಗದವನ್ನು ಮುಂದಿಟ್ಟ.

"ಎಷ್ಟು ಕೊಟ್ಟಿರಿ?"

"ನಲವತ್ತೈದು."

ಅಧಿಕಾರಿ ತನ್ನ ಕಾಗದ ನೋಡಿದ. ಬೇರೆ ಊರಿನ ಯಂತ್ರವೂ ನಲವತ್ತೈದು ಎಂದೇ ಹೇಳಿತ್ತು. ಅವನು ತಲೆದೂಗಿ ಬರೆದುಕೊಂಡ.

ಕಾಳಪ್ಪ ಮುಂದಿನ ಪ್ರಶ್ನೆಗಾಗಿ ಕಾದ. ಪಿನ್ನು ಯಾಕೆ ಮುರಿಯಿತು ಎಂದು ಕೇಳಿದರೆ ಹೇಳಬೇಕಾದ ಉತ್ತರವನ್ನು ಅವನು ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ. ಕೇಳಿದ್ದರೆ ಹೇಳುತ್ತಿದ್ದ. ಅದರಲ್ಲಿ ಸಂದೇಹವಿಲ್ಲ. ಅಧಿಕಾರಿ ಕೇಳಲಿಲ್ಲ. "ಆಯಿತು, ನೀವು ಕೂತುಕೊಳ್ಳಿ" ಎಂದ. ಕಾಳಪ್ಪ ಒಂದು ಕ್ಷಣ ನಿಂತೇ ಇದ್ದ. ಸಾಹುಕಾರ ಅವನ ಕಡೆಗೆ ನೋಡಲಿಲ್ಲ, ಕಿಟಕಿಯ ಕಡೆಗೆ ನೋಡುತ್ತಿದ್ದ. ಕಾಳಪ್ಪ ಕೂತ.

ಅಧಿಕಾರಿ ಯಂಕಪ್ಪನ ಕಡೆ ತಿರುಗಿದ. "ರಾಟೆ ತಿರುಗಿಸುತ್ತಿದ್ದವನು ನೀನೇ?"

"ಹೌದ್ರಿ."

"ತಮ್ಮ ಇನ್ನೂ ಹಗ್ಗದಲ್ಲಿರುವಾಗ ಹಿಡಿಕೆಯಿಂದ ಕೈ ಬಿಟ್ಟೆಯಾ?"

"ಬಿಟ್ಟೆರಿ. ಅವನ ಕೈ ಹಿಡಿಯಾಕ ಬಿಟ್ಟೆ."

ಅಧಿಕಾರಿ ಅದನ್ನೂ ಬರೆದುಕೊಂಡ. ಮೊದಲಿನ ಅರ್ಧ ಮಾತ್ರ ಬರೆದುಕೊಂಡ.

ವರದಿ ಬಂತು. ಪಿನ್ನು ನಕ್ಷೆಯಂತೆಯೇ ಇತ್ತು, ಲೋಹದಲ್ಲಿ ದೋಷವಿಲ್ಲ. ಕೆಲಸಗಾರ ಅಜಾಗರೂಕತೆಯಿಂದ ಹಿಡಿಕೆ ಬಿಟ್ಟಿದ್ದರಿಂದ ರಾಟೆಯ ಮೇಲೆ ಅತಿಯಾದ ಜಗ್ಗು ಬಿದ್ದು ಸಾವು ಸಂಭವಿಸಿದೆ. ಹೀಗೆ ಬರೆದಿತ್ತು.

ಆ ವರದಿಯಿಂದ ಕಾಳಪ್ಪನ ಹೆಸರು ದೊಡ್ಡದಾಯಿತು. ಪರೀಕ್ಷೆಗೆ ಹೋಗಿ ಗೆದ್ದು ಬಂದ ಕೈ ಎಂದು ದೂರದೂರದ ಕಾರ್ಖಾನೆಗಳು ಉಕ್ಕು ಕಳಿಸತೊಡಗಿದವು. ಅವನು ಇನ್ನೊಂದು ಕುಲುಮೆ ಕಟ್ಟಿಸಬೇಕಾಯಿತು.

ಸಾಹುಕಾರ ಅದೇ ನಕ್ಷೆಯ ಹೊಸ ಪಿನ್ನುಗಳನ್ನು ಮತ್ತೆ ತಂದಾಗ ಕಾಳಪ್ಪ ಮಾತಾಡದೆ ಕುಲುಮೆಯನ್ನು ಆರುನೂರೈವತ್ತಕ್ಕೆ ಏರಿಸಿದ. ಪಿನ್ನುಗಳು ಮೂವತ್ತೊಂದಕ್ಕೆ ಇಳಿದವು. ಪ್ರಮಾಣಪತ್ರದಲ್ಲಿ ಹಾಗೇ ಬರೆದ. ಕೇಳಿದ್ದು ಇದಲ್ಲ ಎಂದು ಸಾಹುಕಾರ ಅವನ್ನೆಲ್ಲ ತಿರಸ್ಕರಿಸಿ, ಮುಂದಿನ ಕೆಲಸವನ್ನು ರಸ್ತೆಯ ಆಚೆಯವರಿಗೆ ಕೊಟ್ಟ. ತಾನು ಮಾಡಬಹುದಾದದ್ದನ್ನು ಮಾಡಿದೆ ಎಂದು ಕಾಳಪ್ಪ ಅಂದುಕೊಂಡ.

ಎರಡು ವರ್ಷ ಕಳೆಯಿತು. ಒಂದು ದಿನ ಅದೇ ಸಾಹುಕಾರನಿಂದ ಹೊಸ ನಕ್ಷೆ ಬಂತು. ಪಿನ್ನು ಎರಡರಷ್ಟು ದಪ್ಪವಾಗಿತ್ತು. ಗಡಸು ಮೂವತ್ತು ಎಂದಿತ್ತು. ಯಾಕೆ ಬದಲಾಯಿತು ಎಂದು ನಕ್ಷೆಯಲ್ಲಿ ಬರೆದಿರಲಿಲ್ಲ. ಕಾಳಪ್ಪನೂ ಕೇಳಲಿಲ್ಲ. ಬೇರೆ ಎಷ್ಟು ಬಾವಿಗಳಲ್ಲಿ ಏನೇನಾಯಿತೋ ಅವನಿಗೆ ತಿಳಿಯಲಿಲ್ಲ. ಆದರೆ ಆ ನಕ್ಷೆ ನೋಡಿದ ದಿನದಿಂದ ಅವನಿಗೆ ಊಟ ಸೇರದಾಯಿತು. ನಾಲ್ಕು ದಿನ ಹೀಗೆ ಕಳೆದು ಐದನೆಯ ದಿನ ಬಸ್ಸು ಹತ್ತಿ ಯಂಕಪ್ಪನ ಊರಿಗೆ ಹೋದ.

ಯಂಕಪ್ಪ ಮನೆಯ ಮುಂದೆ ಕುಳಿತು ಒಂದೇ ಕೈಯಲ್ಲಿ ಜಲ್ಲಿ ಒಡೆಯುತ್ತಿದ್ದ. ಇನ್ನೊಂದು ಕೈ ಸೊಟ್ಟಗೆ ಕೂಡಿಕೊಂಡಿತ್ತು. ಬಾವಿಯ ಕೆಲಸಕ್ಕೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ತಮ್ಮನ ಕೈ ಬಿಟ್ಟವನು ಎಂದು ಆ ಸುತ್ತಿನಲ್ಲೆಲ್ಲ ಹೆಸರಾಗಿತ್ತು. ಹನುಮವ್ವ ಅದೇ ಮನೆಯಲ್ಲಿದ್ದಳು. ಅವನು ದುಡಿದು ತಂದದ್ದನ್ನು ಅವಳು ಅಡಿಗೆ ಮಾಡುತ್ತಿದ್ದಳು, ಅವನಿಗೆ ಬಡಿಸುತ್ತಿದ್ದಳು. ಆದರೆ ಅವನ ಕೈಯಿಂದ ಒಂದು ತಂಬಿಗೆ ನೀರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವನು ನೀರು ತಂದಿಟ್ಟರೆ ಅದನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿ ತಾನೇ ಹೋಗಿ ತರುತ್ತಿದ್ದಳು.

ಕಾಳಪ್ಪ ಅವನ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದ. ಐನೂರ ಮೂವತ್ತು ಡಿಗ್ರಿಯನ್ನು ಹೇಳಿದ, ಬಡಿಗಲ್ಲಿನ ಮೇಲೆ ಮುರಿದ ಪಿನ್ನನ್ನು ಹೇಳಿದ, ರಸ್ತೆಯ ಆಚೆಯವರನ್ನು ಹೇಳಿದ. "ನಿನ್ನ ತಪ್ಪು ಇಲ್ಲಪ್ಪ. ಪಿನ್ನು ಗಟ್ಟಿ ಇದ್ದಿದ್ರ ನೀ ಕೈ ಬಿಟ್ರೂ ನಿನ್ನ ತಮ್ಮ ಬೀಳತಿರಲಿಲ್ಲ. ಅದು ಮುರಿತೈತಿ ಅಂತ ನನಗ ಗೊತ್ತಿತ್ತು" ಎಂದ.

ಹನುಮವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಅವತ್ತ ಯಾಕ ಹೇಳಲಿಲ್ಲ?" ಎಂದಳು.

"ನನ್ನನ್ನ ಯಾರೂ ಕೇಳಲಿಲ್ಲವ್ವಾ."

ಅವಳು ಒಳಗೆ ಹೋದಳು.

ಯಂಕಪ್ಪ ಸುತ್ತಿಗೆಯನ್ನು ಕೆಳಗಿಟ್ಟ. ಅವನ ಮುಖ ಅರಳುತ್ತದೆ, ಇಲ್ಲವೇ ಅವನು ತನ್ನ ಮೇಲೆ ಕೈ ಮಾಡುತ್ತಾನೆ ಎಂದು ಕಾಳಪ್ಪ ಅಂದುಕೊಂಡಿದ್ದ. ಎರಡಕ್ಕೂ ಸಿದ್ಧನಾಗಿಯೇ ಬಂದಿದ್ದ. ಎರಡೂ ಆಗಲಿಲ್ಲ.

"ನೀವು ದೊಡ್ಡವರು. ನನ್ನ ಸಂಕಟ ನೋಡಲಾರದ ಇಷ್ಟು ದೂರ ಬಂದೀರಿ" ಎಂದ ಯಂಕಪ್ಪ. "ಆದ್ರ ಆ ವರದಿ ಕಾಗದ ನನ್ನ ಹತ್ರ ಐತ್ರಿ. ಓದಾಕ ಬರೋರು ಸಿಕ್ಕಾಗೆಲ್ಲ ಓದಿಸೀನಿ. ಕಬ್ಬಿಣದಾಗ ತಪ್ಪಿಲ್ಲ ಅಂತ ಬರದಾರ. ಅದರಾಗ ನಿಮ್ಮ ಮಾತೂ ಐತಿ. ಎಷ್ಟು ಕೇಳಿದ್ರೋ ಅಷ್ಟು ಕೊಟ್ಟೀನಿ ಅಂತ ನೀವ ಹೇಳೀರಿ. ನಾನೂ ಅಲ್ಲೇ ಕುಂತು ಕೇಳೀನಿ."

"ಅದು ಖರೆ. ಆದ್ರ—"

"ನಾನು ಕೈ ಬಿಟ್ಟೆ ಅನ್ನೋದು ಸುಳ್ಳೇನ್ರಿ?"

ಅದು ಸುಳ್ಳಾಗಿರಲಿಲ್ಲ.

ಯಂಕಪ್ಪ ಸುತ್ತಿಗೆ ಎತ್ತಿಕೊಂಡು ಮತ್ತೆ ಜಲ್ಲಿ ಒಡೆಯತೊಡಗಿದ. ಒಳಗಿನಿಂದ ಹನುಮವ್ವ ಖಾಲಿ ಕೊಡ ಹಿಡಿದು ಬಂದು, ಇಬ್ಬರನ್ನೂ ದಾಟಿ ಬೀದಿಗೆ ನಡೆದಳು. ಕಾಳಪ್ಪ ಎದ್ದು ಬಸ್ಸಿಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಕಾಳಪ್ಪ ಸುಳ್ಳು ಹೇಳಿದನೇ, ಇಲ್ಲವೇ ಗುರುಗಳೇ?" ಎಂದು ಶಿಷ್ಯ ಕೇಳಿದ.

"ಕಾಳಪ್ಪನ ಮಾತು ಹಾಗಿರಲಿ" ಎಂದರು ಗುರುಗಳು, "ಯಾರೂ ಕೇಳಲಿಲ್ಲವೆಂದು ನೀನು ಹೇಳದೆ ಬಿಟ್ಟದ್ದು ಏನು?"